ಮಾಳಿಗೆ ಏರದ ಹಾಲುಹಲ್ಲು

ಆ ಕೆಲಸಕ್ಕೆ ನನ್ನನ್ನು ಆರಿಸಿದ್ದು ನನ್ನ ಜಾಣತನ ನೋಡಿ ಅಲ್ಲ, ಬಾಯಿ ನೋಡಿ. ರಾಯಚೂರಿನ ಒಂದು ಸೀಳುತುಟಿ ಚಿಕಿತ್ಸಾ ಘಟಕದಲ್ಲಿ ನಾನು ಮಾತು ಕಲಿಸುವವಳು. ತುಟಿ, ಅಂಗುಳ ಸೀಳಿಕೊಂಡು ಹುಟ್ಟಿದ ಮಕ್ಕಳಿಗೆ ಹೊಲಿಗೆ ಹಾಕಿದ ಮೇಲೆ, ಗಾಳಿಯನ್ನು ಮೂಗಿಗೆ ಬಿಡದೆ ಬಾಯಲ್ಲೇ ಹಿಡಿದು 'ಪ' ಅನ್ನುವುದನ್ನು, 'ಕ' ಅನ್ನುವುದನ್ನು ಕಲಿಸಬೇಕು. ಮೇಜಿನ ಮೇಲೆ ಕಾಗದದ ಚೂರು ಇಟ್ಟು ಊದಿಸುವುದು, ಕನ್ನಡಿ ಹಿಡಿದು ಕೂರುವುದು, ಒಂದೇ ಅಕ್ಷರವನ್ನು ತಿಂಗಳುಗಟ್ಟಲೆ ಹೇಳಿಸುವುದು. ಹಾಗಾಗಿ ಜಿಲ್ಲೆಯಲ್ಲಿ ಇಂಥ ಮಕ್ಕಳಿರುವ ಮನೆಗಳು ನನಗೆ ಗೊತ್ತು. ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದೂ ಗೊತ್ತು.

ಬೆಂಗಳೂರಿನ ಒಂದು ಪ್ರಯೋಗಾಲಯದವರಿಗೆ ಬೇಕಾಗಿದ್ದೂ ಅದೇ. ತುಟಿ, ಅಂಗುಳ ಎರಡೂ ಸರಿಹೋದ ಮೇಲೂ ಈ ಮಕ್ಕಳ ಮೇಲಿನ ಒಸಡಿನ ಎಲುಬಿನಲ್ಲಿ ಒಂದು ಬಿರುಕು ಉಳಿದಿರುತ್ತದೆ. ಈಗ ಎಲ್ಲ ಕಡೆ ಮಾಡುವುದೆಂದರೆ, ಮಗುವಿನ ಸೊಂಟದ ಎಲುಬಿನ ಅಂಚಿನಿಂದ ಚಮಚದಷ್ಟು ಮೆದು ಎಲುಬು ಕೆರೆದು ತೆಗೆದು ಆ ಬಿರುಕಿಗೆ ತುಂಬುವುದು. ಬೆಂಗಳೂರಿನವರು ಬೇರೆ ದಾರಿ ಹುಡುಕುತ್ತಿದ್ದರು. ಮಗುವಿನ ಹಾಲುಹಲ್ಲಿನ ತಿರುಳಿನಿಂದ ಜೀವಕೋಶ ತೆಗೆದು, ಸ್ಪಂಜಿನಂಥ ಹಂದರದ ಮೇಲೆ ಬೆಳೆಸಿ, ಅದನ್ನೇ ಬಿರುಕಿಗೆ ಕೂರಿಸುವುದು. ಸೊಂಟದ ತಂಟೆಗೆ ಹೋಗಬೇಕಾಗಿಲ್ಲ. ಅದು ಇನ್ನೂ ಪ್ರಯೋಗಾಲಯದಲ್ಲೇ ಇತ್ತು, ಅಲ್ಲಿಂದ ಒಂದು ಮಗುವಿನ ಬಾಯಿಗೂ ಬಂದಿರಲಿಲ್ಲ. ಬಂದರೆ ಮನೆಯವರು ಒಪ್ಪುತ್ತಾರೋ ಇಲ್ಲವೋ, ಯಾಕೆ ಒಪ್ಪುತ್ತಾರೆ, ಯಾಕೆ ಹೆದರುತ್ತಾರೆ ಅನ್ನುವುದನ್ನು ಮೊದಲೇ ಕೇಳಿ ತಿಳಿಯಬೇಕು ಅನ್ನುವುದು ಅವರ ಅಧ್ಯಯನ. ಕೇಳುವವಳು ನಾನು.

ಕೇಳುವ ವಿಧಾನ ಕಟ್ಟುನಿಟ್ಟಾಗಿತ್ತು. ಮೊದಲು ದವಡೆಯ ಪ್ಲಾಸ್ಟಿಕ್ ಮಾದರಿ ತೋರಿಸಿ ಬಿರುಕು ಎಲ್ಲಿದೆ ಎಂದು ಹೇಳಬೇಕು. ಆಮೇಲೆ ಎರಡು ಚಿತ್ರ. ಒಂದರಲ್ಲಿ ಸೊಂಟಕ್ಕೆ ಕೆಂಪು ಗುರುತು ಹಾಕಿದ ಮಗು, ಇನ್ನೊಂದರಲ್ಲಿ ಹಾಲುಹಲ್ಲು, ಗಾಜಿನ ತಟ್ಟೆ, ನಗುವ ಮಗು. ಕೊನೆಗೆ ಒಂದು ವಾಕ್ಯ: "ಮುಂದೊಂದು ದಿನ ಎರಡನೆಯ ವಿಧಾನವೂ ದೊರೆತರೆ ನೀವು ಯಾವುದನ್ನು ಆರಿಸುತ್ತೀರಿ?" ಅಧ್ಯಯನದ ಮುಖ್ಯಸ್ಥೆ ಬೆಂಗಳೂರಿನಿಂದ ಫೋನಿನಲ್ಲೇ ನನಗೆ ತರಬೇತಿ ಕೊಟ್ಟರು. ಸಲಹೆ ಕೊಡಬಾರದು, ಹುಬ್ಬೇರಿಸಬಾರದು, ತಲೆಯಾಡಿಸಲೂ ಬಾರದು. ತಲೆಯಾಡಿಸದೆ ರಾಯಚೂರಿನಲ್ಲಿ ಯಾರೂ ಮಾತಾಡುವುದಿಲ್ಲ ಮೇಡಂ ಎಂದೆ. ಅವರು ನಕ್ಕರು, ನಿಯಮ ಮಾತ್ರ ಬದಲಿಸಲಿಲ್ಲ.

ಮಟಮಾರಿ, ಯಾಪಲದಿನ್ನಿಗಳಲ್ಲಿ ಶುರುಮಾಡಿದೆ. ನಾನು ಅಂದುಕೊಂಡದ್ದಕ್ಕಿಂತ ಚುರುಕಾದ ಪ್ರಶ್ನೆಗಳು ಬಂದವು. ಮಟಮಾರಿಯ ಒಬ್ಬ ತಂದೆ ಹತ್ತಿ ಬೆಳೆಯುವವನು. ಎರಡನೆಯ ಚಿತ್ರವನ್ನು ಹಿಂದೆ ಮುಂದೆ ತಿರುವಿ ನೋಡಿ, "ಇದು ಜವಾರಿನೋ ಹೈಬ್ರೀಡೋ?" ಅಂದ. ಜವಾರಿಯೇ, ನಿನ್ನ ಮಗನ ಹಲ್ಲಿನದೇ ಅಂದೆ. "ಜವಾರಿ ಆದ್ರ ಗಟ್ಟಿ ಇರ್ತದ. ಆದ್ರ ಮೊದಲ ವರ್ಷ ಎಲ್ಲಾ ಬೀಜಾನೂ ಚಲೋನ ಬರ್ತದ್ರಿ. ಎರಡನೇ ವರ್ಷದ್ದು ಹೇಳ್ರಿ" ಎಂದು ಚಿತ್ರ ವಾಪಸು ಕೊಟ್ಟ. ಯಾಪಲದಿನ್ನಿಯ ತಾಯಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಅಷ್ಟು ಮಕ್ಕಳ ಹಲ್ಲು ಒಂದೇ ಕಡೆ ಇಟ್ಟರೆ ಅದಲುಬದಲಾಗುವುದಿಲ್ಲವೇ ಎಂದು ಕೇಳಿದಳು. ಹೆರಿಗೆ ವಾರ್ಡಿನಲ್ಲಿ ಕೂಸುಗಳ ಬಗ್ಗೆ ಇರುವ ಭಯವೇ ಅದು. ನಾನು ಎಲ್ಲವನ್ನೂ ಬರೆದುಕೊಂಡೆ, ತಲೆಯಾಡಿಸಲಿಲ್ಲ. ಕೆಲಸ ಸಲೀಸಾಗಿ ನಡೆದಿದೆ ಎಂದು ಒಳಗೊಳಗೇ ಖುಷಿ.

ದೇವದುರ್ಗದ ಕಡೆಯ ಮನೆ ನನಗೆ ಹಳೆಯದು. ಆ ಹುಡುಗಿ ಮೂರು ವರ್ಷದ ಕೂಸಾಗಿದ್ದಾಗಿನಿಂದ ನನ್ನ ಎದುರು ಕೂತು ಕಾಗದ ಊದಿದವಳು. ಈಗ ನಾಲ್ಕನೆಯ ತರಗತಿ. ಮಾತು ಚೆನ್ನಾಗಿ ಬಂದಿತ್ತು. ಆದರೆ ಒಸಡಿನ ಬಿರುಕಿನ ಪಕ್ಕ ಸಣ್ಣದೊಂದು ತೂತು ಉಳಿದಿತ್ತು. ನೀರು ಕುಡಿದರೆ ಮೂಗಿನಿಂದ ಇಳಿಯುತ್ತಿತ್ತು. ಶಾಲೆಯಲ್ಲಿ ಬಿಸಿಯೂಟದ ಸಾರು ಉಣ್ಣುವಾಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ತಂದೆ ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದ, ತಾಯಿ ಮಾತು ಕಡಿಮೆ. ಮನೆಯ ತೀರ್ಮಾನವೆಲ್ಲ ಅಜ್ಜಿಯದು. ಕಾಲುವೆ ನೀರು ಬಂದಾಗಿನಿಂದ ಭತ್ತದ ನಾಟಿ ಹಚ್ಚಿ ಹಚ್ಚಿ ಬೆನ್ನು ಬಾಗಿದ, ಆದರೆ ದನಿ ಬಾಗದ ಹೆಂಗಸು.

ನಮ್ಮ ಸರ್ಜನ್ ಒಂದು ವರ್ಷದಿಂದ ಹೇಳುತ್ತಿದ್ದರು, ಇವಳಿಗೆ ಎಲುಬು ತುಂಬುವ ವಯಸ್ಸು ಇದೇ ಎಂದು. ಬಿರುಕಿನ ಮೇಲೆ ಕೋರೆಹಲ್ಲು ಇಳಿಯಲು ಕಾದು ಕೂತಿರುತ್ತದೆ. ಅದು ಇಳಿಯುವ ಮೊದಲು ಅಲ್ಲಿ ಎಲುಬು ಇದ್ದರೆ ಹಲ್ಲು ಅದರಲ್ಲಿ ನಾಟಿಕೊಂಡು ಬರುತ್ತದೆ. ಇಲ್ಲದಿದ್ದರೆ ಬಯಲಿಗೆ ಇಳಿದು ಹಾಳಾಗುತ್ತದೆ, ಆಮೇಲೆ ತುಂಬಿದ ಎಲುಬೂ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಅಜ್ಜಿ ಒಪ್ಪಿರಲಿಲ್ಲ. ಅವಳ ಕಾರಣ ನನಗೆ ಬಾಯಿಪಾಠವಾಗಿತ್ತು, ಆದರೂ ಅಧ್ಯಯನದ ಪ್ರಕಾರ ಮತ್ತೆ ಕೇಳಿದೆ.

"ಹಲ್ಲಿನ ಸಲುವಾಗಿ ಸೊಂಟ ಕೊಡಾಕ ಬರಂಗಿಲ್ಲ ಯವ್ವಾ. ಹೆಣ್ಣ ಹುಡುಗಿ. ನಾಳಿ ನಾಟಿ ಹಚ್ಚಬೇಕು, ಕೊಡ ಹೊರಬೇಕು, ಹಡೀಬೇಕು. ಎಲ್ಲಾ ಸೊಂಟದ ಮ್ಯಾಲೇ ಅದ. ಅದ್ರಾಗಿಂದ ಕೆರದು ತಗೀತೀನಿ ಅಂದ್ರ ಹೆಂಗ ಹೂಂ ಅನ್ಲಿ?"

ಎರಡನೆಯ ಚಿತ್ರ ಇಟ್ಟೆ. ಅಜ್ಜಿ ಬಾಗಿ ನೋಡಿದಳು.

"ಉದುರೋ ಹಲ್ಲಿಂದ?"

"ಹೌದು ಅಜ್ಜಿ. ಅದ್ರಾಗಿನ ತಿರುಳಿಂದ ಬೆಳಸ್ತಾರಂತ."

"ಸೊಂಟ ಮುಟ್ಟಂಗಿಲ್ಲ?"

"ಮುಟ್ಟಂಗಿಲ್ಲ. ಆದ್ರ ಇನ್ನೂ ಬಂದಿಲ್ಲ. ಮುಂದೊಂದು ದಿನ ಬಂದ್ರ ಅಂತ ಕೇಳಾಕತ್ತೀನಿ."

ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಬರಕೋ ಹಂಗಾರ. ಎರಡನೇದು. ನಮ್ಮ ಹುಡುಗಿ ಹೆಸರು ಚಂದಂಗ ಬರಿ."

ಹೆಸರು ಬರೆಯುವ ಹಾಗಿಲ್ಲ, ಉತ್ತರ ಕೊಟ್ಟವರಿಗೆಲ್ಲ ಒಂದೊಂದು ನಂಬರ್ ಇರುತ್ತದೆ, ಅದನ್ನಷ್ಟೇ ಬರೆಯುವುದು ಎಂದೆ.

"ನಂಬರ್ ಆದ್ರ ಇನ್ನೂ ಚಲೋ" ಅಂದಳು ಅಜ್ಜಿ. ನನಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟಳು. ನಾನೂ ಹೊಟ್ಟೆ ತುಂಬ ಉಂಡು, ಒಳ್ಳೆಯ ಉತ್ತರ ಸಿಕ್ಕಿತೆಂದು ಬಸ್ಸು ಹತ್ತಿದೆ.

ಮುಂದಿನ ಮನೆ ಮಾನವಿಯಲ್ಲಿ. ಚಿಕಿತ್ಸೆ ಮುಗಿಸಿದ ಕೆಲವರನ್ನೂ ಕೇಳಬೇಕಾಗಿತ್ತು. ಆ ಮನೆಯ ಮೊಮ್ಮಗಳಿಗೆ ಹುಡುಗಿಯಾಗಿದ್ದಾಗ ನಮ್ಮ ಘಟಕದಲ್ಲೇ ಸೊಂಟದ ಎಲುಬು ತುಂಬಿದ್ದರು. ಈಗ ಮದುವೆಯಾಗಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು, ಕೂಸಿಗೆ ಐದು ತಿಂಗಳು. ಅಜ್ಜ ಪಾಠಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಆಚಾರ್ಯರು. ನಾನು ಚಿತ್ರ ತೋರಿಸಿ ಮುಗಿಸುವ ತನಕ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಅಂದುಕೊಂಡೆ. ಆಗ ಪ್ರಶ್ನೆ ಬಂತು.

"ಜೀವಕೋಶ ಅಂದ ಮ್ಯಾಲೆ ಜೀವ ಅದ. ಜೀವ ಇದ್ದದ್ದು ಉಣ್ಣಬೇಕಲ್ಲ. ಗಾಜಿನ ತಟ್ಟಿಯೊಳಗ ಅದಕ್ಕ ಏನು ಉಣಸ್ತಾರ?"

ಪಡಸಾಲೆಯಲ್ಲೇ ಕೂತು ಬೆಂಗಳೂರಿಗೆ ಫೋನ್ ಮಾಡಿದೆ. ಮುಖ್ಯಸ್ಥೆ ಸ್ವಲ್ಪ ತಡೆದು ಹೇಳಿದರು: ಸದ್ಯಕ್ಕೆ ಕರುವಿನ ರಕ್ತದಿಂದ ತೆಗೆದ ದ್ರವ ಹಾಕುತ್ತೇವೆ, ಬೇರೆಯದನ್ನು ಹುಡುಕುತ್ತಿದ್ದೇವೆ. ಆ ಮಾತನ್ನು ಆ ಮನೆಯಲ್ಲಿ, ಆ ಆಚಾರ್ಯರಿಗೆ ಹೇಳಬೇಕಾಗಿತ್ತು. ಸುತ್ತಿಬಳಸಿ ಹೇಳಲು ನೋಡಿ, ಆಗದೆ, ನೇರವಾಗಿ ಹೇಳಿಬಿಟ್ಟೆ.

ಅವರು ಎರಡನೆಯ ಚಿತ್ರವನ್ನು ನನ್ನ ಕಡೆ ಸರಿಸಿದರು. ಆಮೇಲೆ, "ನನಗ ಇದು ಬ್ಯಾಡ. ಬರಕೋರಿ. ಆದ್ರ ಕೇಳಿದ್ದಕ್ಕ ಖರೇ ಹೇಳಿದ್ರಿ, ಸಂತೋಷ ಆತು. ಇದನ್ನ ಎಲ್ಲಾರಿಗೂ ಹೇಳ್ರಿ. ಒಲ್ಲೆ ಅನ್ನೋರು ತಿಳದು ಒಲ್ಲೆ ಅನ್ಲಿ, ಬೇಕನ್ನೋರು ತಿಳದು ಬೇಕನ್ಲಿ" ಅಂದರು.

ಒಳಗಿನಿಂದ ಮೊಮ್ಮಗಳ ದನಿ ಬಂತು. "ಅಜ್ಜಾ, ನನ್ನ ಮಗಗ ಬೇಕಾಗಿದ್ರ ನಾ ಹೂಂ ಅಂತಿದ್ದೆ."

"ನಿಂದು ಬ್ಯಾರೆ ನಂಬರ್ ಇರ್ತದ ತಾಯಿ, ನಿಂದು ನೀ ಬರಸು" ಎಂದು ಆಚಾರ್ಯರು ನಕ್ಕರು. ಮುನಿಸೇನೂ ಇರಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ಉತ್ತರ ಬರೆದುಕೊಂಡೆ. ಸೊಂಟದ ನೋವಿನ ಬಗ್ಗೆ ಮೊಮ್ಮಗಳನ್ನು ಕೇಳಿದರೆ, ಈಗ ಅದರ ಕಡೆ ಗಮನವೇ ಹೋಗುವುದಿಲ್ಲ ಎಂದು ಕೂಸನ್ನು ಆ ಪಕ್ಕದ ಸೊಂಟಕ್ಕೇ ಎತ್ತಿಕೊಂಡು ಹೇಳಿದಳು.

ಆಚಾರ್ಯರ ಮಾತನ್ನು ಮುಖ್ಯಸ್ಥೆ ಕೂಡಲೇ ಒಪ್ಪಿದರು. ಹಂದರ, ದ್ರವ, ಎಲ್ಲದರ ಮೂಲ ಹೇಳುವ ಒಂದು ಭಾಗ ಅಧ್ಯಯನಕ್ಕೆ ಸೇರಿತು. ಅಂದರೆ ಹೋಗಿಬಂದ ಮನೆಗಳಿಗೆಲ್ಲ ನಾನು ಮತ್ತೊಮ್ಮೆ ಹೋಗಬೇಕು. ಬಿಸಿಲು ಏರುತ್ತಿದ್ದ ದಿನಗಳು. ಗೊಣಗಿಕೊಂಡೇ ಯೋಜನೆ ಹಾಕಿದೆ. ಆದರೆ ದೇವದುರ್ಗಕ್ಕೆ ಹೊರಡುವ ಮೊದಲೇ ಅಜ್ಜಿ, ಮೊಮ್ಮಗಳು ರಾಯಚೂರಿಗೆ ಬಂದರು, ಹುಡುಗಿಯ ಮಾಮೂಲಿ ತಪಾಸಣೆಗೆ.

ಸರ್ಜನ್ ಎಕ್ಸ್‌ರೇ ತೆಗೆಸಿ ದೀಪದ ಪೆಟ್ಟಿಗೆಗೆ ಹಚ್ಚಿದರು. ಕೋರೆಹಲ್ಲು ಕಳೆದ ಸಲಕ್ಕಿಂತ ಸ್ಪಷ್ಟವಾಗಿ ಕೆಳಗೆ ಬಂದಿತ್ತು. ಬಿರುಕಿನ ಅಂಚಿಗೆ ಅದರ ಮೊನೆ ತಾಗುವುದರಲ್ಲಿತ್ತು. "ಈ ರಜೆಯಲ್ಲಿ ಮಾಡಿಸಿಬಿಡೋಣ, ಇದಕ್ಕಿಂತ ತಡ ಮಾಡೋದು ಬೇಡ" ಎಂದು ಅಜ್ಜಿಗೆ ಹೇಳಿದರು.

ಅಜ್ಜಿ ನಿಶ್ಚಿಂತಳಾಗಿದ್ದಳು. "ತಡೀರಿ ಸಾಹೇಬ್ರ, ಅವಸರ ಯಾಕ? ನಮ್ಮದು ನಂಬರ್ ಬರಕೊಂಡು ಹೋಗ್ಯಾರ. ಹಲ್ಲಿಂದು ಬರತನ ಕಾಯ್ತೀವಿ."

ಸರ್ಜನ್ ನನ್ನ ಕಡೆ ನೋಡಿದರು. ಅಜ್ಜಿ ಸೊಂಟದ ಚೀಲ ಬಿಚ್ಚಿ ಕುಂಕುಮದ ಸಣ್ಣ ಮರದ ಭರಣಿ ತೆಗೆದಳು. ಮುಚ್ಚಳ ತಿರುವಿದಳು. ಒಳಗೆ ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಎರಡು ಹಾಲುಹಲ್ಲು.

"ಮೊನ್ನೆ ಒಂದು ಉದುರ್ತು, ಆಚಿ ವಾರ ಒಂದು. ಜ್ವಾಕಿಲೆ ಇಟ್ಟೀನಿ. ಇವಿಷ್ಟ ಸಾಕೇನ ಯವ್ವಾ?"

ನಮ್ಮ ಕಡೆ ಹಾಲುಹಲ್ಲು ಉದುರಿದರೆ ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಳಿಗೆ ಮೇಲೆ ಬೀಸಿ ಒಗೆಯುತ್ತಾರೆ. ಒಗೆಯದಿದ್ದರೆ ಹೊಸ ಹಲ್ಲು ನೆಟ್ಟಗೆ ಬರುವುದಿಲ್ಲ ಎಂಬ ನಂಬಿಕೆ. ಅಜ್ಜಿ ತನ್ನ ಮಕ್ಕಳ ಹಲ್ಲೆಲ್ಲ ಒಗೆದವಳು, ತನ್ನವ್ವ ತನ್ನ ಹಲ್ಲು ಒಗೆದದ್ದನ್ನು ಕಂಡವಳು. ನನ್ನ ಒಂದು ಚಿತ್ರವನ್ನು ನಂಬಿ ಈ ಎರಡನ್ನು ಒಗೆಯದೆ ಇಟ್ಟುಕೊಂಡಿದ್ದಳು. ನನಗೆ ಆ ಭರಣಿ ಮುಟ್ಟಲು ಕೈ ಬರಲಿಲ್ಲ.

ಆಗ ಹೊಳೆಯಿತು ಆದದ್ದೇನು ಎಂದು. ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದು ಪ್ರಶ್ನೆ ಕೇಳಿ ಬರೆದುಕೊಂಡವರು ನಮ್ಮ ಹಳ್ಳಿಗಳ ಪಾಲಿಗೆ ಯಾವಾಗಲೂ ಏನನ್ನೋ ಮಂಜೂರು ಮಾಡುವವರೇ. ಮನೆ ಬೇಕಾ ಎಂದು ಬರೆದುಕೊಂಡರು, ತಡವಾಗಿಯಾದರೂ ಮನೆ ಬಂತು. ಗ್ಯಾಸ್ ಬೇಕಾ ಅಂದರು, ಬಂತು. ನಂಬರ್ ಬಿತ್ತು ಅಂದರೆ ಇನ್ನು ತಾಳ್ಮೆಯಿಂದ ಕಾಯುವುದಷ್ಟೇ ಕೆಲಸ. 'ಮುಂದೊಂದು ದಿನ' ಎಂದು ನಾನು ಒತ್ತಿ ಹೇಳಿದ್ದೆನಲ್ಲ ಎಂದರೆ, ಮನೆ, ಗ್ಯಾಸ್ ಬರೆದುಕೊಂಡು ಹೋದವರು ಹೇಳಿದ್ದೂ ಅದನ್ನೇ. ಬೆಂಗಳೂರಿನಲ್ಲಿ ಕೂತು ವಾಕ್ಯ ಬರೆದವರಿಗೆ ಇದು ತಿಳಿಯದಿರುವುದು ಸಹಜ. ಇಲ್ಲೇ ಹುಟ್ಟಿ ಬೆಳೆದ ನನಗೂ ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಜ್ಜಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಬಿಡಿಸಿ ಹೇಳಿದೆ. ಹಲ್ಲಿನ ಎಲುಬು ಇನ್ನೂ ಆಗಿಲ್ಲ, ಯಾವಾಗ ಆದೀತು ಯಾರಿಗೂ ಗೊತ್ತಿಲ್ಲ. ಒಣಗಿದ ಹಲ್ಲಿನಲ್ಲಿ ಜೀವ ಉಳಿದಿರುವುದಿಲ್ಲ, ಈ ಎರಡು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಕಾಯುತ್ತ ಕೂತರೆ ಹುಡುಗಿಯ ಕೋರೆಹಲ್ಲು ಹೋಗುತ್ತದೆ.

ಅಜ್ಜಿ ಭರಣಿಯ ಮುಚ್ಚಳ ತಿರುವಿ ಮುಚ್ಚಿದಳು. "ಮತ್ತ ಯಾಕ ಕೇಳಾಕ ಬಂದಿದ್ದಿ? ಇಲ್ಲದ್ದನ್ನ ತೋರಿಸಿ ಬೇಕೇನು ಅಂತ ಕೇಳ್ತಾರೇನ ಯಾರಾರ? ಉಪಾಸ ಇದ್ದಾಕಿಗಿ ಹೋಳಿಗಿ ಚಿತ್ರ ತೋರಿಸಿದಂಗಾತು."

ಉತ್ತರಕ್ಕೆ ಕಾಯದೆ ಹುಡುಗಿಯ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಶಸ್ತ್ರಚಿಕಿತ್ಸೆಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹುಡುಗಿ ತಿರುಗಿ ತಿರುಗಿ ನೋಡುತ್ತ ಹೋದಳು.

ಮುಖ್ಯಸ್ಥೆಗೆ ಫೋನ್ ಮಾಡಿದಾಗ ನನ್ನ ದನಿ ಸಮಾಧಾನದ್ದಾಗಿರಲಿಲ್ಲ. ನಿಯಮದ ಪ್ರಕಾರ ನಾನು ಆ ಮನೆಗೆ ಹೋಗಿ ಇಂಥದನ್ನೇ ಮಾಡಿಸಿ ಎಂದು ಹೇಳುವಂತಿರಲಿಲ್ಲ. ಹೇಳಿದರೆ ಅವರ ಉತ್ತರ ಲೆಕ್ಕಕ್ಕಿಲ್ಲ. "ಆ ಮನೆ ಉತ್ತರ ತೆಗೆದುಹಾಕಿ ಮೇಡಂ. ನನಗೆ ಅವರ ಅಭಿಪ್ರಾಯ ಬೇಡ, ಹುಡುಗಿಯ ಹಲ್ಲು ಬೇಕು. ನಾಳೆಯಿಂದ ನಾನು ಅವಳಿಗೆ ಮಾತು ಕಲಿಸಿದವಳಾಗಿ ಹೋಗ್ತೀನಿ, ನಿಮ್ಮ ಚೀಲ ಹಾಕಿಕೊಂಡು ಹೋಗೋದಿಲ್ಲ" ಎಂದೆ. ಕೆಲಸ ಹೋದರೆ ಹೋಗಲಿ ಎಂದೇ ತೀರ್ಮಾನ ಮಾಡಿದ್ದೆ.

ಅವರು ಜಗಳಕ್ಕೆ ಬರಲಿಲ್ಲ. "ತೆಗೀತೀನಿ. ನೀವು ಹೋಗಿ. ಇನ್ನೂ ಯಾರು ಯಾರು ಹೀಗೆ ಕಾಯ್ತಿದ್ದಾರೋ ಅದನ್ನೂ ನೋಡಿಬನ್ನಿ. ಅಲ್ಲೀವರೆಗೆ ಪ್ರಶ್ನೆ ಕೇಳೋದು ನಿಲ್ಲಿಸೋಣ" ಅಂದರು. ದೊಡ್ಡ ಅಧ್ಯಯನ ಒಂದು ಮಗುವಿಗಾಗಿ ನಿಂತಿತು. ಆ ಮುಖ್ಯಸ್ಥೆಯ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ, ಆದರೆ ನೆನೆಸಿಕೊಂಡಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಆದರೆ ಅಜ್ಜಿಯ ಹತ್ತಿರ ನನ್ನ ಮಾತಿಗೆ ಈಗ ಬೆಲೆ ಇರಲಿಲ್ಲ. ಸೊಂಟದ ಎಲುಬು ಮತ್ತೆ ತುಂಬಿಕೊಳ್ಳುತ್ತದೆ, ತೆಗೆಯುವುದು ಮೇಲಿನ ಅಂಚಿನಿಂದ, ಹೆರಿಗೆಯ ದಾರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಸರ್ಜನ್ ಎಷ್ಟು ಸಲ ಹೇಳಿದ್ದರೋ. ಹೇಳುವವರ ಮಾತು ಸಾಕಾಗಿತ್ತು. ಯಾರಾದರೂ ಎದುರು ಬಂದು ನಿಲ್ಲಬೇಕಾಗಿತ್ತು. ಮಾನವಿಯ ಮೊಮ್ಮಗಳು ಕೂಸನ್ನು ಸೊಂಟಕ್ಕೆ ಎತ್ತಿಕೊಂಡ ಚಿತ್ರ ಕಣ್ಣ ಮುಂದೆಯೇ ಇತ್ತು. ಆದರೆ ಒಬ್ಬರ ಚಿಕಿತ್ಸೆಯ ವಿಷಯ ಇನ್ನೊಬ್ಬರಿಗೆ ನಾನು ಹೇಳುವ ಹಾಗಿಲ್ಲ. ಬಾಣಂತಿಯನ್ನು ಆ ಬಿಸಿಲಿನಲ್ಲಿ ಕರೆಯುವುದಾದರೂ ಹೇಗೆ? ಹಿಂಜರಿಯುತ್ತಲೇ ಫೋನ್ ಮಾಡಿದೆ, ಹೆಸರು ಹೇಳದೆ ಸಂಗತಿ ಹೇಳಿದೆ, ನಿನ್ನ ವಿಷಯ ಅವರಿಗೆ ಹೇಳಲು ಒಪ್ಪಿಗೆ ಇದೆಯಾ ಎಂದಷ್ಟೇ ಕೇಳಿದೆ.

"ನೀವು ಹೇಳಿದ್ರ ನಂಬತಾರೇನ್ರಿ ಟೀಚರ್?" ಅಂದಳು.

"ಇಲ್ಲ."

"ಮತ್ತ? ನಾನ ಬರ್ತೀನಿ. ಕೂಸಿನ್ನೂ ಕರಕೊಂಡು ಬರ್ತೀನಿ."

ಬೆಳಗಿನ ತಂಪಿನಲ್ಲೇ ದೇವದುರ್ಗದ ಕಡೆಯ ಆ ಮನೆಗೆ ಬಾಡಿಗೆ ಕಾರಿನಲ್ಲಿ ಬಂದಳು. ಜೊತೆಗೆ ಆಚಾರ್ಯರೂ. ಮೊಮ್ಮಗಳನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಹೊರಟವರು, ತಾಮ್ರದ ಚೊಂಬಿನಲ್ಲಿ ತಮ್ಮ ನೀರು ತಂದಿದ್ದರು. ಅಜ್ಜಿಯ ಮನೆಯ ಮುಂದೆ ಬೇವಿನ ಮರದ ಕೆಳಗೆ ಮಂಚ ಹಾಕಿಸಿಕೊಂಡು ಕೂತರು. ಅಜ್ಜಿ ನನ್ನ ಮೇಲೆ ಮುನಿಸಿಕೊಂಡಿದ್ದರೂ ಮನೆಗೆ ಬಂದವರ ಮೇಲೆ ಮುನಿಸು ತೋರಿಸುವವಳಲ್ಲ. ಚೊಂಬನ್ನು ನೋಡಿದಳು, ಅರ್ಥ ಮಾಡಿಕೊಂಡಳು. "ಅಜ್ಜಾರಿಗಿ ಬಾಳಿಹಣ್ಣು ಕೊಡು, ಸುಲೀಲಾರದ್ದು ನಡೀತದ" ಎಂದು ಸೊಸೆಗೆ ಹೇಳಿದಳು. ಆಚಾರ್ಯರು ಎರಡು ಹಣ್ಣು ತಿಂದರು. ಮೂರನೆಯದನ್ನು ಹುಡುಗಿಗೆ ಕೊಟ್ಟರು.

ಒಳಗೆ ಬಾಗಿಲು ಮುಂದೆ ಮಾಡಿಕೊಂಡೆವು. ಅಜ್ಜಿ, ತಾಯಿ, ಹುಡುಗಿ, ಮಾನವಿಯ ಮೊಮ್ಮಗಳು, ನಾನು. ಕೂಸು ಚಾಪೆ ಮೇಲೆ. ಮೊಮ್ಮಗಳು ಪೀಠಿಕೆ ಹಾಕಲಿಲ್ಲ. ಮೇಲಿನ ತುಟಿ ಎತ್ತಿ ತನ್ನ ಕೋರೆಹಲ್ಲು ತೋರಿಸಿದಳು. ಆಮೇಲೆ ಎದ್ದು ನಿಂತು, ಸೀರೆಯ ನೆರಿಗೆ ಸಡಿಲಿಸಿ, ಸೊಂಟದ ಪಕ್ಕದ ಗಾಯದ ಗುರುತು ತೋರಿಸಿದಳು. ಕಿರುಬೆರಳಿನಷ್ಟು ಉದ್ದದ ತೆಳು ಗೆರೆ.

ಅಜ್ಜಿ ಹತ್ತಿರ ಬಂದಳು. ಹೆಬ್ಬೆರಳಿನಿಂದ ಆ ಗೆರೆಯನ್ನು ತಡವಿದಳು, ಆಮೇಲೆ ಒತ್ತಿದಳು. ಮಾವಿನಹಣ್ಣು ಒತ್ತಿ ನೋಡುವ ಹಾಗೆ, ಸುತ್ತಲೂ ಒತ್ತಿ ನೋಡಿದಳು.

"ನೋಯ್ತದೇನ?"

"ಈಗಿಲ್ರಿ."

"ಆಗ?"

"ಆಗ ಭಾಳ ನೋಯ್ತಿತ್ತು. ಸುಳ್ಳ್ಯಾಕ ಹೇಳ್ಲಿ. ಬಾಯಿಗಿಂತ ಸೊಂಟಾನ ಹೆಚ್ಚು ನೋಯ್ತಿತ್ತು. ಎರಡು ವಾರ ಕುಂಟಿದೆ. ಕೆಮ್ಮಿದ್ರ ಜೀವ ಹೋಗ್ತಿತ್ತು. ಅಜ್ಜಗ ಬೈದೆ, ಡಾಕ್ಟರಿಗಿ ಬೈದೆ, ಇವರಿಗೂ ಬೈದೆ" ಎಂದು ನನ್ನ ಕಡೆ ಕೈ ತೋರಿಸಿದಳು. "ಆಮ್ಯಾಲೆ ಹೋತು."

"ಹಡಿಯೂ ಮುಂದ?"

"ಎಲ್ಲಾರಿಗೂ ಆಗೂ ಹಂಗ ಆತ್ರಿ. ಇವ ಏನ್ ಸಣ್ಣಾವೇನ್ರಿ, ನೋಡ್ರಿ."

ಅಜ್ಜಿ ಕೂಸನ್ನು ಎತ್ತಿ ತೂಕ ನೋಡಿದಳು. ಹೌದು, ಸಣ್ಣದಲ್ಲ ಅನ್ನುವ ಹಾಗೆ ತಲೆಯಾಡಿಸಿ, ಅದನ್ನು ತಾಯಿಯ ಆ ಗಾಯದ ಪಕ್ಕದ ಸೊಂಟಕ್ಕೇ ಕೂರಿಸಿ, "ಅಡ್ಡಾಡು" ಅಂದಳು. ಮೊಮ್ಮಗಳು ಆ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಾಡಿದಳು. ಅಜ್ಜಿ ಅವಳ ಹೆಜ್ಜೆಯನ್ನೇ ನೋಡುತ್ತಿದ್ದಳು. ನಾಟಿ ಹಚ್ಚುವ ಹೆಂಗಸರ ಗುಂಪು ಕಟ್ಟುವವಳು ಆಕೆ. ಯಾರ ಸೊಂಟ ಎಷ್ಟು ಗಟ್ಟಿ ಎಂದು ನಡಿಗೆಯಲ್ಲೇ ಅಳೆಯುವ ಕಣ್ಣು.

ಮಾತು ಕಡಿಮೆಯ ಆ ತಾಯಿ ಆಗ ಬಾಯಿ ಬಿಟ್ಟಳು. "ಮಾಡಿಸೂಣು ಅತ್ತಿ. ಗ್ವಾಡಿಗಿ ಮುಖ ಹಾಕಿ ಉಣ್ತಾಳ. ನನಗ ನೋಡಾಕ ಆಗವಲ್ದು."

ಹುಡುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಮಾನವಿಯವಳ ಸೆರಗನ್ನು ತಾನೇ ಸರಿಮಾಡಿ, ನನ್ನ ಕಡೆ ತಿರುಗಿ, "ಯಾವಾಗ ಕರಕೊಂಡು ಬರ್ಲಿ?" ಅಂದಳು.

ಹೊರಗೆ ಬಂದಾಗ ಆಚಾರ್ಯರು ಏನಾಯಿತು ಎಂದು ಕೇಳಲಿಲ್ಲ, ನಮ್ಮ ಮುಖ ನೋಡಿ ತಿಳಿದುಕೊಂಡರು. ಕಾರು ಹತ್ತುವ ಮುಂಚೆ ಮೊಮ್ಮಗಳ ಮಡಿಲಿಗೆ ಅಜ್ಜಿ ಕುಬಸದ ಖಣ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದಳು. ಕಾರಿನ ಧೂಳು ಇಳಿಯುವ ತನಕ ನಾನು ರಸ್ತೆಯಲ್ಲೇ ನಿಂತಿದ್ದೆ. ತನ್ನ ಮೈಯ ಗುಟ್ಟನ್ನು ಗುರುತಿಲ್ಲದವರ ಮನೆಗೆ ತಂದು ತೋರಿಸಿ, ಏನೂ ಆಗಿಲ್ಲವೆಂಬಂತೆ ಹೋದ ಮಾನವಿಯ ಆ ಹೆಣ್ಣುಮಗಳಿಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯಲಿಲ್ಲ. ಇಷ್ಟುದ್ದ ಬರೆಯುವುದಕ್ಕೆ ಅವಳೇ ಕಾರಣ.

ರಜೆಯ ಶುರುವಿನಲ್ಲೇ ಶಸ್ತ್ರಚಿಕಿತ್ಸೆ ಆಯಿತು. ಎಚ್ಚರವಾದ ಮೇಲೆ ಹುಡುಗಿ ಮೊದಲು ಕೈಯಿಟ್ಟದ್ದು ಬಾಯಿಗಲ್ಲ, ಸೊಂಟಕ್ಕೆ. ಮೂರನೆಯ ದಿನ ಕುಂಟುತ್ತ ನಡೆದಳು. ಅಜ್ಜಿ ವಾರ್ಡಿನ ತುಂಬ ಅವಳ ಹಿಂದೆಯೇ ನಡೆದಳು, ಪ್ರತಿ ಹೆಜ್ಜೆಗೂ ನನ್ನನ್ನು ನೋಡುತ್ತ. ಮಾನವಿಯವಳು ಎ‍ರಡು ವಾರ ಎಂದು ಹೇಳಿದ್ದಳಲ್ಲ, ಅದು ಮುಗಿಯುವ ತನಕ ನನಗೂ ಸರಿಯಾಗಿ ಊಟ ಸೇರಲಿಲ್ಲ. ಹೊಲಿಗೆ ಬಿಚ್ಚುವ ಹೊತ್ತಿಗೆ ಕುಂಟು ಹೋಗಿತ್ತು. ತೂತು ಮುಚ್ಚಿತ್ತು. ಲೋಟ ನೀರು ಕುಡಿದು ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಂಡಳು, ಒಣಗಿತ್ತು. ಇನ್ನೊಂದು ಲೋಟ ಕುಡಿದಳು. ನಗು ತಡೆಯಲಾಗದೆ ಮೂರನೆಯದಕ್ಕೆ ಉಗುಳಿಬಿಟ್ಟಳು, ಅದೂ ಬಾಯಿಂದಲೇ ಬಂತು.

ಅಷ್ಟರಲ್ಲಿ ಉಳಿದ ಮನೆಗಳನ್ನೂ ಸುತ್ತಿದ್ದೆ. ಚಂದ್ರಬಂಡದಲ್ಲಿ ಇನ್ನೊಂದು ಮನೆ ಹೀಗೆಯೇ ಕಾಯುತ್ತಿತ್ತು, ಆ ಹುಡುಗ ಚಿಕ್ಕವನು, ಸಮಯವಿತ್ತು. ಅಧ್ಯಯನ ಮತ್ತೆ ಶುರುವಾದಾಗ ಪ್ರಶ್ನೆಯ ಕ್ರಮ ಬದಲಾಗಿತ್ತು. ಮೊದಲ ಪ್ರಶ್ನೆ, ನಿಮ್ಮ ಮಗುವಿಗೆ ಈಗ ಯಾವ ಚಿಕಿತ್ಸೆ ಆಗಬೇಕಾಗಿದೆ, ಯಾವಾಗ? ಅದಕ್ಕೆ ಉತ್ತರ ಸಿಗದೆ ಚೀಲದಿಂದ ಚಿತ್ರ ತೆಗೆಯುವ ಹಾಗಿಲ್ಲ. ನಗುವ ಮಗುವಿನ ಚಿತ್ರವನ್ನೇ ತೆಗೆದುಹಾಕಿದರು. ನನ್ನ ಚೀಲವನ್ನೂ ಬದಲಿಸಿಕೊಂಡೆ. ತರಕಾರಿ ತರುವ ಬಟ್ಟೆಚೀಲದಲ್ಲಿ ದವಡೆ ಇಟ್ಟುಕೊಂಡು ಹೋಗುತ್ತಿದ್ದೆ.

ಮರುವರ್ಷ ಚಳಿಗಾಲದಲ್ಲಿ ದೇವದುರ್ಗದ ಕಡೆ ಹೋದಾಗ ಆ ಮನೆಗೆ ಕಾಲಿಟ್ಟೆ. ಹುಡುಗಿ ಓಡಿಬಂದು ಬೆರಳಿನಿಂದ ಮೇಲಿನ ತುಟಿ ಎತ್ತಿದಳು. ಒಸಡಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಕೋರೆಹಲ್ಲಿನ ಮೊನೆ ಕಾಣುತ್ತಿತ್ತು. ಸರಿಯಾದ ಜಾಗದಲ್ಲಿ, ನೆಟ್ಟಗೆ. ನನಗೆ ಕಣ್ಣು ತುಂಬಿತು, ಅದನ್ನು ಮರೆಸಲು 'ಪ' ಹೇಳು ನೋಡೋಣ ಎಂದೆ. "ಅದೆಲ್ಲಾ ಬರ್ತದ ಟೀಚರ್" ಎಂದು ನಕ್ಕಳು.

ರೊಟ್ಟಿ ಉಂಡಾದ ಮೇಲೆ ಅಜ್ಜಿಯನ್ನು ಕೇಳಿಯೇಬಿಟ್ಟೆ, ಕೆಲಸಕ್ಕಲ್ಲ, ನನ್ನ ಸಮಾಧಾನಕ್ಕೆ. ಮುಂದೆ ಆ ಹಲ್ಲಿನ ಎಲುಬು ಖರೇನೇ ಬಂದರೆ ಒಪ್ಪುತ್ತೀಯಾ?

"ಒಪ್ಪಲಾರದ ಏನು? ಸೊಂಟ ಮುಟ್ಟಲಾರದ ಆಗ್ತದಂದ್ರ ಯಾರು ಒಲ್ಲೆ ಅಂತಾರ? ಆದ್ರ ಅದನ್ನ ಕೈಯಾಗ ಹಿಡಕೊಂಡು ಬಾ. ಆಗ ಕೇಳು."

ಎದ್ದು ಒಳಗೆ ಹೋಗಿ ಕುಂಕುಮದ ಭರಣಿ ತಂದಳು. ಎರಡೂ ಹಲ್ಲು ಹಾಗೇ ಇದ್ದವು. ಹೊಸ ಹಲ್ಲು ಕಾಣುವ ತನಕ ಇವುಗಳನ್ನು ಏನು ಮಾಡಬೇಕೋ ತಿಳಿಯದೆ ಇಟ್ಟಿದ್ದೆ ಎಂದಳು. ಕೊಟ್ಟಿಗೆಯಿಂದ ಸಗಣಿ ತಂದು ಎರಡು ಉಂಡೆ ಮಾಡಿ ಒಂದೊಂದರಲ್ಲಿ ಒಂದೊಂದು ಹಲ್ಲು ಒತ್ತಿದಳು. ಹುಡುಗಿ ಒಂದನ್ನು ಕಸಿದುಕೊಂಡು ಅಂಗಳದಿಂದ ಬೀಸಿ ಒಗೆದಳು. ಅದು ಮಾಳಿಗೆ ಮೇಲೆ ಬಿತ್ತು.

ಇನ್ನೊಂದನ್ನು ಅಜ್ಜಿ ನನ್ನ ಅಂಗೈಯಲ್ಲಿ ಇಟ್ಟಳು.

"ಇದನ್ನ ನೀ ಒಗಿ ಯವ್ವಾ. ನಿನ್ನ ಮಾತಿಗಿ ಉಳದಿತ್ತು, ನಿನ್ನ ಕೈಲೇ ಹೋಗ್ಲಿ."

ನಾನು ಸೆರಗು ಸಿಕ್ಕಿಸಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು, ಇದ್ದ ಬಲವೆಲ್ಲ ಹಾಕಿ ಒಗೆದೆ.